ಅವ್ವನ ಸೀರೆಯ ಕೌದಿ

ಮಲಪ್ರಭೆಯ ದಂಡೆಗೆ ಗುರುಪಾದಜ್ಜನ ಆಶ್ರಮ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ. ಇಷ್ಟಕ್ಕೆ ಆಶ್ರಮ ಅನ್ನುವುದು ದೊಡ್ಡ ಮಾತೇ. ಆದರೂ ಎಲ್ಲರೂ ಹಾಗೇ ಅನ್ನುತ್ತಿದ್ದರು, ಅಜ್ಜನೂ ಬೇಡ ಅನ್ನುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ದಾಕ್ಷಾಯಣಿ ಅಲ್ಲಿಗೆ ಬಂದಳು. ತಲೆಯ ಮೇಲೆ ತಗಡಿನ ಟ್ರಂಕು.

"ಟ್ರಂಕಿನಾಗ ಏನೈತವ್ವ?" ಅಜ್ಜ ಕೇಳಿದ.

"ನಮ್ಮವ್ವನ ಸೀರಿ ಅದಾವ್ರಿ. ಅಕಿ ಹೋಗಿ ವರ್ಷಾತು."

"ಉಡ್ತೀ ಏನು?"

"ಇಲ್ರಿ."

"ಹೊದಿತೀ?"

"ಇಲ್ರಿ ಅಜ್ಜಾರ. ಇಟ್ಕೊಂಡೀನಿ."

ಅಜ್ಜ ಹೂಂಗುಟ್ಟಿ ಟ್ರಂಕನ್ನು ಒಳಗಿಡಿಸಿದ.

ದಾಕ್ಷಾಯಣಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅವ್ವನ ಜೊತೆಯಲ್ಲೇ ಇದ್ದವಳು. ತಾಯಿ ಮಗಳಿಬ್ಬರಿಗೂ ಹೊಲಿಗೆಯ ಹುಚ್ಚು. ಆ ಮನೆಯಲ್ಲಿ ಹರಿದದ್ದು ಯಾವುದೂ ಹರಿದೇ ಉಳಿಯುತ್ತಿರಲಿಲ್ಲ. ಹಳೆಯ ಧೋತರ ದಿಂಬಿನ ಚೀಲವಾಗುತ್ತಿತ್ತು, ಸವೆದ ಲಂಗ ಸಂತೆಯ ಚೀಲವಾಗುತ್ತಿತ್ತು, ಚೀಲವೂ ಹರಿದರೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಗಾದರೂ ಒಂದು ಅಂಚು ಬೀಳುತ್ತಿತ್ತು. "ಆ ಮನ್ಯಾಗ ಭಾಳೊತ್ತು ಕೂಡಬ್ಯಾಡ್ರಿ, ಎದ್ದು ಬರೋದ್ರಾಗ ನಿಮ್ಮ ಸೆರಗೂ ಚೀಲ ಆಗಿರತೈತಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಕೌದಿಯನ್ನು ಮಾತ್ರ ಇಬ್ಬರೂ ಎದುರುಬದುರು ಕೂತೇ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಆ ಅಂಚಿನಿಂದ ಅವ್ವ, ಈ ಅಂಚಿನಿಂದ ಮಗಳು. ನಡುವೆ ಬಂದು ಕೂಡುವ ಹೊತ್ತಿಗೆ ಊರ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ಅವ್ವ ಹೋದ ಮೇಲೆ ಎದುರಿನ ಅಂಚು ಖಾಲಿಯಾಯಿತು. ಸೂಜಿ ಹಿಡಿದರೆ ಕೈ ಭಾರ. ದಾಕ್ಷಾಯಣಿ ಸೂಜಿಯನ್ನೇ ಬಿಟ್ಟಳು.

"ಹೊಲಿಗಿ ಬಿಟ್ಟ ಮ್ಯಾಲೆ ನಾ ಯಾರಂತ ನನಗ ತಿಳೀವಲ್ದು ಅಜ್ಜಾರ. ಮನಸಿಗೆ ಸಮಾಧಾನಿಲ್ಲ. ಧ್ಯಾನ ಕಲಿಸ್ರಿ."

"ಕಲಿಸೋಣಂತ. ಮೊದಲ ನನ್ನ ಅಂಗಿ ಹರದೈತಿ ನೋಡು, ಹೊಲದು ಕೊಡ್ತೀಯೇನು?"

"ಅದೊಂದು ಕೇಳಬ್ಯಾಡ್ರಿ. ಸೂಜಿ ಮುಟ್ಟಂಗಿಲ್ಲ."

"ಆತು ಬಿಡವ್ವ" ಎಂದ ಅಜ್ಜ ಹರಕಂಗಿಯನ್ನೇ ಹಾಕಿಕೊಂಡು ತಿರುಗತೊಡಗಿದ.

ಹರಕು ಮೊಣಕೈಯಲ್ಲಿತ್ತು. ಬರಬರುತ್ತ ತೋಳಿಗೆ ಏರಿತು. ದಿನಾ ಬೆಳಿಗ್ಗೆ ದಾಕ್ಷಾಯಣಿ ಆ ತೋಳಿನ ಎದುರಿಗೇ ಕೂತು ಕಣ್ಣು ಮುಚ್ಚಬೇಕು.

"ಧ್ಯಾನದಾಗ ಏನ್ ಕಾಣ್ತೈತಿ?" ಒಂದು ದಿನ ಅಜ್ಜ ವಿಚಾರಿಸಿದ.

ಆಕೆ ತಲೆ ತಗ್ಗಿಸಿದಳು. "ನಿಮ್ಮ ಅಂಗಿ ಕಾಣ್ತೈತ್ರಿ."

ಅಜ್ಜ ಕೆಮ್ಮು ಬರುವವರೆಗೆ ನಕ್ಕ. "ಇಲ್ಲಿ ಕುಂತ ಎಷ್ಟೋ ಮಂದಿಗೆ ಏನಂದ್ರ ಏನೂ ಕಂಡಿಲ್ಲ. ನಿನಗ ಅಂಗಿಯಾದ್ರೂ ಕಾಣ್ತಲ್ಲ!"

ದಾಕ್ಷಾಯಣಿಗೂ ನಗು ಬಂತು. ಆದರೆ ಸೂಜಿಗೆ ಕೈ ಹೋಗಲಿಲ್ಲ.

ಮಳೆಗಾಲ ಕಳೆದು ಒಳ್ಳೆಯ ಬಿಸಿಲು ಬಿತ್ತು. ಗೋಡೆಗಳೆಲ್ಲ ಮುಗ್ಗಲು ವಾಸನೆ.

"ನಿಮ್ಮವ್ವನ ಸೀರಿ ಒಂದೀಟು ಬಿಸಲಿಗೆ ಹಾಕವ್ವ" ಎಂದ ಅಜ್ಜ.

ಆಕೆ ಟ್ರಂಕು ತೆಗೆದಳು. ಮೇಲಿನದು ಅವ್ವನ ಇಳಕಲ್ಲ ಸೀರೆ, ಕೆಂಪು ಸೆರಗಿನದು. ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಬೇವಿನ ನೆರಳಿನಾಚೆ ಹರವಲು ಮಡಿಕೆ ಬಿಚ್ಚಿದಳು.

ಮಡಿಕೆಯ ಗುಂಟ ಸೀರೆ ಸೀಳಿತ್ತು. ಇನ್ನೊಂದು ಮಡಿಕೆ ಬಿಚ್ಚಿದಳು, ಅಲ್ಲೂ ಸೀಳು. ಕೆಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದಳು. ಎಲ್ಲವೂ ಮಡಿಕೆಗೆ ಸರಿಯಾಗಿ ಪಿಸಿದು ಸೀಳಿದ್ದವು.

ದಾಕ್ಷಾಯಣಿ ಅಂಗಳದಲ್ಲೇ ಕುಸಿದು ಕೂತು ಅತ್ತಳು. "ನಾ ಒಂದ್ ಸಲಾನೂ ಕತ್ತರಿ ಹಚ್ಚಿಲ್ರಿ ಅಜ್ಜಾರ. ನುಸಿಗುಳಿಗಿ ಹಾಕಿ, ಗಾಳಿ ಸೋಕದಂಗ ಇಟ್ಟಿದ್ನಿ."

"ಹೌದವ್ವ, ಕತ್ತರಿ ನೀ ಹಚ್ಚಲಿಲ್ಲ. ಮತ್ತ ಹರದವ್ರು ಯಾರು?"

ಆಕೆ ಸೀಳಿನ ಎರಡೂ ಅಂಚು ಹಿಡಿದು ಕೂಡಿಸಿ ನೋಡಿದಳು.

ಅಜ್ಜ ಒಳಗೆ ಹೋಗಿ, ಕಾಳಿನ ಚೀಲ ಹೊಲಿಯುವ ದಬ್ಬಣ ಹುಡುಕಿ ತಂದ. ಹರವಿದ ಸೀರೆಯ ಆಚೆ ಅಂಚಿಗೆ ಮಂಡಿ ಊರಿ ಕೂತ.

ಆಕೆ ಕಣ್ಣೊರೆಸಿಕೊಂಡು ನೋಡಿದಳು. "ನಿಮಗ ಕೌದಿ ಹೊಲಿಯಾಕ ಬರ್ತೈತೇನ್ರಿ?"

"ಇಲ್ಲ. ಎದುರು ಕೂಡಾಕ ಬರ್ತೈತಿ."

ದಾಕ್ಷಾಯಣಿ ಎದ್ದು ಹೋಗಿ ಅಡುಗೆಮನೆಯಿಂದ ಕತ್ತರಿ ತಂದಳು. ಸೀಳಿನ ಗುಂಟ ಕತ್ತರಿ ಹಚ್ಚಿದಳು. ಬಟ್ಟೆ ಚರ್ರೆಂದಿತು. ಆ ಸದ್ದು ಅವಳಿಗೆ ಗೊತ್ತಿದ್ದ ಸದ್ದೇ. ಅದನ್ನು ಕೇಳುತ್ತಲೇ ಬೆಳೆದವಳು ಅವಳು.

ಹುರುಪು ಹೇಗೆ ಹೋಗಿತ್ತೋ ಹಾಗೇ ತಿರುಗಿ ಬಂತು, ಹೇಳದೆ ಕೇಳದೆ. ಮರುದಿನ ಎಲ್ಲರಿಗಿಂತ ಮೊದಲು ಎದ್ದಳು. ಸೀರೆಯ ಗಟ್ಟಿ ಭಾಗಗಳು ಮೇಲಕ್ಕೆ, ಪಿಸಿದದ್ದು ಒಳಪದರಕ್ಕೆ. ಪೂಜೆಯ ಕೋಣೆಯ ಹಳೆಯ ಪರದೆ, ಬೆಲ್ಲ ಕಟ್ಟಿ ತಂದಿದ್ದ ಅರಿವೆ, ಅಜ್ಜನ ಬಣ್ಣಗೆಟ್ಟ ಕಾವಿ, ಎಲ್ಲ ಕೌದಿಗೆ ಬಂದು ಸೇರಿದವು. ಆಶ್ರಮಕ್ಕೆ ಬಂದವರ ಸೆರಗಿನ ಮೇಲೂ ಅವಳ ಕಣ್ಣು. ಅಜ್ಜ ತನ್ನ ಒಂದೇ ಒಂದು ಶಾಲನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟ. "ಇದೊಂದು ಬಿಡವ್ವ, ಚಳಿಗಾಲ ಮುಂದೈತಿ."

ಅಜ್ಜನ ಅಂಗಿಗೂ ತೇಪೆ ಬಿತ್ತು, ಅವ್ವನ ಸೀರೆಯ ದಡಿಯದೇ. ಅಜ್ಜ ಅದನ್ನು ಬಂದಬಂದವರಿಗೆಲ್ಲ ತೋರಿಸಿದ.

ಒಂದೇ ಒಂದು ತೊಡಕು. ಅಜ್ಜನ ಹೊಲಿಗೆ ಎತ್ತೆತ್ತಲೋ ಹೋಗುತ್ತಿತ್ತು. ಅಜ್ಜ ಊಟ ಮಾಡಿ ಅಡ್ಡಾದಾಗ ದಾಕ್ಷಾಯಣಿ ಮೆಲ್ಲಗೆ ಆಚೆ ಅಂಚಿಗೆ ಸರಿದು ದಾರ ಬಿಚ್ಚತೊಡಗಿದಳು.

"ಏನ್ ನಡಸೀ?" ಅಜ್ಜನ ಕಣ್ಣು ಮುಚ್ಚಿಯೇ ಇದ್ದವು.

"ಏನಿಲ್ರಿ. ನಿಮ್ಮ ಹೊಲಿಗಿ ಒಂಚೂರು ದಾರಿ ತಪ್ಪ್ಯಾವ್ರಿ."

"ನಿಮ್ಮವ್ವಂದು ಕಡೀತನಕ ನೆಟ್ಟಗಿತ್ತೇನು?"

ಆಕೆಯ ಕೈ ನಿಂತಿತು. ಕೊನೆಕೊನೆಗೆ ಅವ್ವನಿಗೆ ಕಣ್ಣು ಮಂಜಾಗಿತ್ತು. ಅವಳ ಹೊಲಿಗೆ ಇರುವೆ ಸಾಲಿನಂತೆ ಅಲ್ಲಿ ಇಲ್ಲಿ ಬಳಸಿಕೊಂಡು ಬರುತ್ತಿತ್ತು. ಅದನ್ನು ಬಿಚ್ಚಬೇಕೆಂದು ಮಗಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬಿಚ್ಚಿದ ದಾರವನ್ನು ದಾಕ್ಷಾಯಣಿ ಮತ್ತೆ ಸೂಜಿಗೆ ಪೋಣಿಸಿ, ಅಜ್ಜನ ಹಳೆಯ ತೂತುಗಳಲ್ಲೇ ಹಾಯಿಸಿದಳು.

ದೀಪಾವಳಿ ಮುಗಿಯುವ ಹೊತ್ತಿಗೆ ಕೌದಿಯೂ ಮುಗಿಯಿತು. ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುವುದು ಅವ್ವನ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರು ಹಸಿದಿರಬಾರದು ಎನ್ನುತ್ತಿದ್ದಳು. ದಾಕ್ಷಾಯಣಿ ರೊಟ್ಟಿ ಮುರಿದಿಟ್ಟು ಮೂಲೆ ಮುಚ್ಚಿದಳು. ಕೌದಿಗೆ ಹಣೆ ಹಚ್ಚಿದಳು.

"ಅವ್ವಾ, ನೀ ಕೊಟ್ಟ ಕೈ ನನಗ ತಿರುಗಿ ಸಿಕ್ಕಾವು. ನಿನ್ನ ಋಣ ದೊಡ್ಡದು."

ಹೀಗಂದು, ಕೌದಿಯನ್ನು ಮಡಚಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು.

"ಕೌದಿ ಎಲ್ಲೈತವ್ವ?" ಅಜ್ಜ ಸಂಜೆ ಕೇಳಿದ.

"ಟ್ರಂಕಿನಾಗ್ರಿ. ಅವ್ವನ ನೆನಪು ಇನ್ನ ಅದೊಂದ ಉಳದೈತಿ."

"ಹೊಟ್ಟಿ ತುಂಬಿಸಿ ಹುಗದಿಟ್ಟಿ ಅನ್ನು" ಎಂದ ಅಜ್ಜ. ಮುಂದೆ ಆ ಮಾತು ಎತ್ತಲಿಲ್ಲ.

ಮಾತು ಆಕೆಗೆ ಚುಚ್ಚಿತು. ಆದರೆ ಟ್ರಂಕು ತೆರೆಯಲು ಮನಸ್ಸು ಬರಲಿಲ್ಲ. ಸೀರೆ ಹೋಗಿ ಕೌದಿ ಆಯಿತು, ಕೌದಿಯೂ ಹೋದರೆ ಆಮೇಲೆ ಏನು ಉಳಿಯುತ್ತದೆ ಎಂದು ಅವಳಿಗೆ ಹೆದರಿಕೆ.

ಮಾಗಿಯ ಒಂದು ಬೆಳಿಗ್ಗೆ ಹೊಳೆಯ ಮೇಲೆ ದಟ್ಟ ಮಂಜು. ದೋಣಿ ಆಚೆ ದಂಡೆಯಲ್ಲೇ ನಿಂತುಬಿಟ್ಟಿತು. ತವರಿಂದ ಗಂಡನ ಮನೆಗೆ ಹೊರಟಿದ್ದ ಒಬ್ಬ ಬಾಣಂತಿ, ಮಂಜು ಕರಗುವ ತನಕ ಕೂತಿರುತ್ತೇನೆಂದು ಆಶ್ರಮದ ಪಡಸಾಲೆಗೆ ಬಂದಳು. ಅವಳ ಕೈಯಲ್ಲಿ ಕೂಸು, ಬೆನ್ನ ಹಿಂದೆ ಅವಳ ತಮ್ಮ.

ಕೂಸು ತೆಳ್ಳನೆಯ ಬಟ್ಟೆಯಲ್ಲಿ ನಡುಗಿ ನಡುಗಿ ಅಳುತ್ತಿತ್ತು. ಅಜ್ಜ ತಲೆದಿಂಬಿನ ಕೆಳಗಿನ ಶಾಲು ತಂದು ಬಾಣಂತಿಗೆ ಹೊದಿಸಿದ.

"ಕೂಸಿಗೆ ಏನರ ಐತೇನವ್ವ?" ಎಂದ, ಯಾರ ಕಡೆಗೂ ನೋಡದೆ.

ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದಳು. ಕೂಸಿನ ತುಟಿ ನೀಲಿಯಾಗುತ್ತಿತ್ತು. ಅವಳು ಒಳಗೆ ಹೋದಳು. ಟ್ರಂಕಿನ ಚಿಲಕದ ಸದ್ದು ಕೇಳಿಸಿತು.

ಕೌದಿಯನ್ನು ತಂದು ತಾನೇ ಹಾಸಿ, ಕೂಸನ್ನು ಅದರಲ್ಲಿ ಮಲಗಿಸಿ, ಎರಡೂ ಬದಿಯಿಂದ ಹೊದಿಸಿದಳು. ಕೆಂಪು ಸೆರಗಿನ ಭಾಗ ಕೂಸಿನ ಕೆಳಗೇ ಬಂತು. ಅಳು ಸಣ್ಣದಾಯಿತು, ನಿಂತಿತು. ಅಜ್ಜನ ವಕ್ರ ಹೊಲಿಗೆಯ ಒಂದು ಸಡಿಲ ದಾರವನ್ನು ಕೂಸು ಬೆರಳಲ್ಲಿ ಸುತ್ತಿಕೊಂಡು ಬಿಗಿಯಾಗಿ ಹಿಡಿಯಿತು. ದಾಕ್ಷಾಯಣಿ ನೋಡುತ್ತಲೇ ಇದ್ದಳು. ಇಷ್ಟು ಹಗುರ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಅಷ್ಟರಲ್ಲಿ ಕೆಂಪು ಸೆರಗಿನ ಮೇಲೆ ಒದ್ದೆ ಕಲೆಯೊಂದು ಮೂಡಿ, ಹರಡಿ, ದಡಿಯವರೆಗೂ ಬಂತು.

"ಅಯ್ಯಯ್ಯ! ನಮ್ಮವ್ವನ ಸೀರಿ!" ದಾಕ್ಷಾಯಣಿ ಚೀರಿದಳು.

ಬಾಣಂತಿ ನಾಚಿಕೆಯಿಂದ ಕುಗ್ಗಿ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಳು. ಅಜ್ಜ ಕೈ ಅಡ್ಡ ಹಿಡಿದು, ಇರಲಿ ಎಂದು ಸನ್ನೆ ಮಾಡಿದ. ಆಮೇಲೆ ದಾಕ್ಷಾಯಣಿಯ ಕಡೆ ತಿರುಗಿದ.

"ಯಾಕವ್ವ, ಕೂಸು ನಿಮ್ಮವ್ವನ ಸೀರಿ ತೊಯ್ಸಿದ್ದು ಇದೇ ಮೊದಲ ಸಲ ಏನು?"