ಪಡುವಣ ಗೋಡೆ

ಏಪ್ರಿಲ್ ಇಪ್ಪತ್ತೆರಡು, ಸೋಮವಾರ. ಬೆಳಗಿನಿಂದಲೇ ಸುಡುವ ಬಿಸಿಲು. ಎಲೆ ಅಲುಗುವಷ್ಟೂ ಗಾಳಿಯಿಲ್ಲ.

ಮಠದ ಹೊಸ ಓದುಮನೆಯ ಉಸ್ತುವಾರಿ ಶಿಷ್ಯ ಶಾಂತಲಿಂಗನದು. ನಕ್ಷೆ ಬರೆದ ಇಂಜಿನಿಯರ್ ಪಡುವಣ ಗೋಡೆಗೆ ಒಂದು ಕಿಟಕಿಯನ್ನೂ ಇಟ್ಟಿರಲಿಲ್ಲ. ದಾರಿಯಿದ್ದದ್ದು ಆ ಕಡೆಗೇ. ಅಲ್ಲಿ ಗಾಜು ಹಾಕಿಸಿದರೆ ಕಟ್ಟಡ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆಂದು ದಾನಿಗಳು ಒತ್ತಾಯಿಸುತ್ತಿದ್ದರು. ಶಾಂತಲಿಂಗನ ಮನಸ್ಸೂ ಅತ್ತಲೇ ವಾಲಿತ್ತು. ಗುರುಗಳಾದ ಅಜ್ಜನವರ ಬಳಿ ಬಂದು ಕೇಳಿದ:

“ಅಜ್ಜಾರ, ಕಟ್ಟಿದವರು ಕಟ್ಟಿ ಹೋದ್ರು. ಇರೋರು ನಾವು. ಒಂದು ಗ್ವಾಡಿ ಒಡದರ ಏನಾಕ್ಕೈತಿ?”

ಅಜ್ಜನವರು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ. ಮನೆ ಕಟ್ಟಲು ಒಬ್ಬ ಮುದಿ ಗೌಂಡಿಯನ್ನು ಕರೆಸಿದ. ಗೌಂಡಿ ಮೂರು ದಿನ ಅಳತೆಯ ಹಗ್ಗ ಮುಟ್ಟಲಿಲ್ಲ. ಖಾಲಿ ಜಾಗದಲ್ಲಿ ಕೂತು, ಬೀದಿನಾಯಿ ಯಾವ ಹೊತ್ತಿಗೆ ಎಲ್ಲಿ ಮಲಗುತ್ತದೆಂದು ನೋಡುತ್ತಿದ್ದ.

“ನಾಯಿ ಕಾಯಾಕ ಕೂಲಿ ಕೊಡಬೇಕೇನೋ?” ಎಂದ ವ್ಯಾಪಾರಿ.

“ತಂಪು ಎಲ್ಲೈತಿ ಅನ್ನೂದು ಅದಕ್ಕ ಗೊತ್ತೈತ್ರಿ, ಸಾವಕಾರ್ರ. ಅದು ತೋರಿಸಿದಾಂಗ ನಾ ಕಟ್ತೀನಿ.”

ಅಡಿಪಾಯ ತೋಡಿದಾಗ ಸಿಕ್ಕ ಕಲ್ಲು, ಮಣ್ಣೇ ಗೋಡೆಗಾಯಿತು. ಬೇವಿನ ಮರವನ್ನು ಕಡಿಯದೆ ಅಂಗಳದೊಳಗೆ ಉಳಿಸಿಕೊಂಡ. ಬಡಗಣಕ್ಕೆ ಸಣ್ಣ ಕಿಟಕಿಗಳು. ಗೋಡೆಯ ಮೇಲ್ತುದಿಯಲ್ಲಿ, ಮಾಳಿಗೆಯ ಕೆಳಗೆ, ಬಿಸಿಗಾಳಿ ಹೊರಹೋಗಲು ಗವಾಕ್ಷಿ. ಪಡುವಣಕ್ಕೆ, ದಾರಿಯ ಕಡೆಗೆ, ಎರಡು ಮೊಳ ದಪ್ಪದ ಬರಿಯ ಗೋಡೆ.

ಗೌಂಡಿಗೆ ಒಂದು ಕಟ್ಟಳೆಯಿತ್ತು. ಮನೆ ಮುಗಿದಾಗ ಅರ್ಧ ಕೂಲಿ. ಉಳಿದರ್ಧ ವೈಶಾಖದಲ್ಲಿ, ಹೊತ್ತು ಪಡುವಣಕ್ಕೆ ವಾಲಿದ ಮೇಲೆ ತಾನೇ ಬಂದು ನಡುಮನೆಯ ಗೋಡೆಗೆ ಅಂಗೈ ಹಚ್ಚಿ ನೋಡಿದ ನಂತರ. ಕೈಗೆ ಬಿಸಿ ತಾಗಿದರೆ ಬಿಡಿಗಾಸನ್ನೂ ಮುಟ್ಟುತ್ತಿರಲಿಲ್ಲ.

ಫಾಲ್ಗುಣದಲ್ಲಿ ಊರೆಲ್ಲ ಬೆವರುವಾಗ ವ್ಯಾಪಾರಿಯ ತೊಟ್ಟಿಲ ಕೂಸು ಬೀಸಣಿಗೆಯಿಲ್ಲದೆ ಮಲಗಿತು. ಆದರೆ ಯುಗಾದಿಗೆ ಬಂದ ಬೀಗರು ದಾರಿಯಲ್ಲೇ ನಿಂತು ನಕ್ಕರು: “ಊರಿಗೆ ಬೆನ್ನು ಹಾಕಿ ಕುಂತೈತಲ್ಲ ನಿಮ್ಮ ಮನಿ! ಯಾರ ಮ್ಯಾಲ ಸಿಟ್ಟು?” ವ್ಯಾಪಾರಿಗೆ ಆ ಮಾತು ಚುಚ್ಚಿತು. ಬೇರೆ ಕೆಲಸಗಾರರನ್ನು ಕರೆಸಿ ಪಡುವಣ ಗೋಡೆ ಒಡೆಸಿದ. ಆಳೆತ್ತರದ ಕಿಟಕಿ ಇಡಿಸಿದ. ಇಳಿಹೊತ್ತಿನ ಬಿಸಿಲು ನೇರ ನಡುಮನೆಗೆ ಬಂತು. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು.

ವೈಶಾಖದಲ್ಲಿ ಗೌಂಡಿ ಕೋಲೂರಿಕೊಂಡು ಬಂದ. ಅಷ್ಟರಲ್ಲಿ ಅವನ ಕಣ್ಣಿಗೆ ಪೊರೆ ಮುಸುಕಿತ್ತು, ಕಿಟಕಿ ಕಾಣಲಿಲ್ಲ. ತಡವರಿಸಿ ನಡುಮನೆಯ ಗೋಡೆಗೆ ಅಂಗೈ ಹಚ್ಚಿದ. ಕೈಗೆ ಬಿಸಿ ತಾಗಿತು.

“ನನ್ನ ಲೆಕ್ಕ ತಪ್ಪೈತ್ರಿ. ಉಳಿದ ಕೂಲಿ ಬ್ಯಾಡ. ಇನ್ನ ನಾ ಯಾರಿಗೂ ಮನಿ ಕಟ್ಟಾಂಗಿಲ್ಲ.”

ಹೆಗಲಚೀಲದಿಂದ ಮಣ್ಣು ಮೆತ್ತುವ ಕರಣಿಯನ್ನು ತೆಗೆದು ಹೊಸ್ತಿಲ ಮೇಲಿಟ್ಟು ಹೊರಟುಹೋದ. ವ್ಯಾಪಾರಿಯ ಹೆಂಡತಿ ಕೂಸನ್ನೆತ್ತಿಕೊಂಡು ಗಂಡನ ಎದುರಿಗೆ ನಿಂತಳು.

“ಆ ಮುದುಕನ ಕೈ ಖರೇ ಹೇಳ್ತು. ನಿಮ್ಮ ಬಾಯಿಗೇನಾಗಿತ್ತು?”

ವ್ಯಾಪಾರಿ ಕರಣಿ ಎತ್ತಿಕೊಂಡು ಬರಿಗಾಲಲ್ಲಿ ಓಡಿದ. ಊರ ಹೊರಗಿನ ಹುಣಸೆ ಮರದ ಹತ್ತಿರ ಮುದುಕ ಸಿಕ್ಕ.

“ಗ್ವಾಡಿ ಒಡಿಸಿದಾಂವ ನಾನು” ಎಂದ, ಏದುಸಿರು ಬಿಡುತ್ತ.

ಗೌಂಡಿ ಬೈಯಲಿಲ್ಲ. ಅವನ ಮುಖ ಅರಳಿತು. “ಹಂಗಾರ ಲೆಕ್ಕ ಸರಿ ಇತ್ತು!” ಎಂದು ಕರಣಿಗೆ ಕೈ ಚಾಚಿದ. “ನಡೀರಿ ಮತ್ತ, ಇವತ್ತೇ ಮುಚ್ಚೂಣು. ಕಲ್ಲು ನಾ ಇಡ್ತೀನಿ, ಅದಕ್ಕ ಕಣ್ಣು ಬೇಕಿಲ್ಲ. ಕೆಸರು ಮಾತ್ರ ನೀವು ತುಳೀಬೇಕ್ರಿ.”

ವ್ಯಾಪಾರಿ ಕಚ್ಚೆ ಬಿಗಿದು ನಡುದಾರಿಯಲ್ಲಿ ಕೆಸರು ತುಳಿದ. ಊರು ನಿಂತು ನೋಡಿತು. ಮುದುಕ ಒಂದೊಂದು ಕಲ್ಲನ್ನೂ ಬೆರಳಿನಿಂದ ಸವರಿ, ಅದರ ಮುಖ ತಿಳಿದು ಕೂರಿಸಿದ. ದೀಪ ಹಚ್ಚುವ ಹೊತ್ತಿಗೆ ಗೋಡೆ ಮುಚ್ಚಿತು. ಒಡೆದಿದ್ದ ಗುರುತೂ ಉಳಿಯಲಿಲ್ಲ.

ಅಜ್ಜನವರು ಅಲ್ಲಿಗೆ ಮಾತು ನಿಲ್ಲಿಸಿದರು.

“ಉಳಿದ ಕೂಲಿ ಕೊಟ್ಟನೇನ್ರಿ?” ಎಂದ ಶಾಂತಲಿಂಗ.

“ಪೂರಾ ಕೊಟ್ಟ. ಗೌಂಡಿ ಅದರಾಗಿನ ಒಂದು ದಿನದ ಕೂಲಿ ತಗದು ಕೆಸರು ತುಳಿದಾಂವನ ಕೈಯಾಗ ಇಟ್ಟ.”