ರಾಜನಿಗೆ ಬೆನ್ನು ತೋರಿಸದ ಡಿಶ್ಶು

ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಊರು ಯಾವುದು ಅಂತ ಕೇಳಬೇಡಿ, ಕೇಳಿದರೆ ಕತೆ ಇಲ್ಲಿಗೇ ನಿಂತೀತು. ಆ ರಾಜನಿಗೆ ರಾಜ್ಯದ ಚಿಂತೆಯಿಲ್ಲ, ದಂಡಿನ ಚಿಂತೆಯಿಲ್ಲ. ಅವನ ಚಿಂತೆಯೆಲ್ಲ ಪರದೇಶದ ಹವಾಮಾನದ್ದು. ಟೀವಿಯಲ್ಲಿ ಎಲ್ಲೋ ಹಿಮ ಬಿತ್ತು ಅಂದರೆ ಇಲ್ಲಿ ಉರಿಬಿಸಿಲಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ. ಇನ್ನೆಲ್ಲೋ ಮಳೆ ಅಂದರೆ ಇಲ್ಲಿ ಒಣಹಾಕಿದ ಹಪ್ಪಳ ಒಳಗೆ ತರಿಸುತ್ತಿದ್ದ.

ಇದಕ್ಕಾಗಿ ಅರಮನೆಯ ಹಿತ್ತಲಲ್ಲಿ ಒಂದು ಡಿಶ್ಶು ನೆಟ್ಟಿದ್ದರು. ಈಗಿನ ತಟ್ಟೆಯಂಥದ್ದಲ್ಲ, ಹಳೇ ಕಾಲದ್ದು, ಬಾವಿಯಷ್ಟು ಅಗಲ. ಅದಕ್ಕೊಂದು ಮೋಟರು. ಗುಂಡಿ ಒತ್ತಿದರೆ ಕಿರ್ರೆಂದು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ ಆ ದಿಕ್ಕಿನ ಸುದ್ದಿ ಹಿಡಿಯುತ್ತಿತ್ತು. ಒಂದು ದಿನ ಅದು ಪೂರ್ವಕ್ಕೆ ಮುಖ ಮಾಡಿ ನಿಂತದ್ದು ನಿಂತೇಬಿಟ್ಟಿತು. ಪಶ್ಚಿಮದಲ್ಲಿ ಮಳೆಯೋ ಬಿಸಿಲೋ ತಿಳಿಯದೆ ರಾಜ ಊಟ ಬಿಟ್ಟ.

ಮೋಟರು ರಿಪೇರಿಗೆ ಆ ಊರಿನಲ್ಲಿ ಇದ್ದವಳು ಫಕೀರವ್ವ ಒಬ್ಬಳೇ. ಅವಳ ಅಣ್ಣನ ಮಗಳಿಗೆ ಅವತ್ತೇ ಹೆಸರಿಡುವ ಶಾಸ್ತ್ರ. ಸೋದರತ್ತೆ ಬಂದು ಕಿವಿಯಲ್ಲಿ ಉಸುರುವ ತನಕ ಕೂಸಿಗೆ ಹೆಸರಿಲ್ಲ, ಮತ್ತು ಆ ಕೂಸಿಗೆ ಇದ್ದವಳು ಒಬ್ಬಳೇ ಅತ್ತೆ. ಹೊಸ ಸೀರೆ ಉಟ್ಟು ಹೊರಟವಳನ್ನು ರಾಜಭಟರು ದಾರಿಯಲ್ಲೇ ಹಿಡಿದು ತಂದರು. ಪಶ್ಚಿಮದ ಚಿತ್ರ ಬಂದ ಮೇಲೆ ಹೋಗು ಅಂತ ರಾಜ ಅಪ್ಪಣೆ ಕೊಟ್ಟ. ಫಕೀರವ್ವ ಅಣ್ಣನಿಗೆ ಹೇಳಿ ಕಳಿಸಿದಳು: "ತೊಟ್ಟಿಲಾ ಕಟ್ಟಿರ್ರಿ. ಇದೊಂದು ವೈರು ಹಚ್ಚಿ ಬಂದೆ."

ಹಿತ್ತಲಿಗೆ ಹೋಗಿ ನೋಡಿದರೆ ಅದೇನು ವೈರಿಂಗೋ, ಹಾವಿನ ಹುತ್ತವೋ. ಮೋಟರು ತಿರುಗಿಸುವ ದಪ್ಪ ವೈರು ಯಾವುದು, ಎಷ್ಟು ತಿರುಗಿತು ಅಂತ ಲೆಕ್ಕ ಹೇಳುವ ಸಣ್ಣ ವೈರು ಯಾವುದು, ಒಂದೂ ತಿಳಿಯದು. ಅರ್ಧವನ್ನು ಅಳಿಲು ಕಡಿದಿತ್ತು. ಉಳಿದರ್ಧವನ್ನು ಹಿಂದಿನ ಯಾವನೋ ಪುಣ್ಯಾತ್ಮ ಹೂವಿನ ದಾರದಲ್ಲಿ ಬಿಗಿದಿದ್ದ. ಫಕೀರವ್ವ ಅವನ ಏಳು ತಲೆಮಾರನ್ನು ಬೈಯುತ್ತ ಎಲ್ಲ ಬಿಚ್ಚಿದಳು, ಎಲ್ಲ ಜೋಡಿಸಿದಳು, ಟೇಪು ಸುತ್ತಿದಳು. ಗುಂಡಿ ಒತ್ತಿದರೆ ಡಿಶ್ಶು ಒಂದು ಗೇಣು ಹೋಗಿ ಹಿಂದಕ್ಕೆ ಬಂತು. ವೈರು ಅದಲುಬದಲು ಮಾಡಿದಳು. ಒಂದು ಗೇಣು ಹೋಗಿ ಹಿಂದಕ್ಕೆ ಬಂತು. ರೇಗಿಹೋಗಿ ನಟ್ಟು ತಿರುಗಿಸುವ ಪಾನಾದಿಂದ ಒಂದು ಬಾರಿಸಿದಳು. ಆಗ ಡಿಶ್ಶು ಬಾಯಿ ಬಿಟ್ಟಿತು.

"ಯವ್ವಾ, ವೈರು ಛಲೋನ ಅದಾವ. ನಾ ಹೆಂಗ ತಿರಗಲಿ? ದೊರಿ ನೋಡಿದ್ರ ಮೊನ್ನಿಂದ ಪೂರ್ವದ ಕಟ್ಟಿ ಮ್ಯಾಲೆ ಕುಂತಾರ."

ಆ ಊರಿನಲ್ಲಿ ರಾಜನಿಗೆ ಯಾರೂ ಬೆನ್ನು ತೋರಿಸುವಂತಿಲ್ಲ. ಬಂದವರೆಲ್ಲ ಹಿಂದೆ ಹಿಂದೆ ಹೆಜ್ಜೆಯಿಟ್ಟೇ ಬಾಗಿಲು ದಾಟಬೇಕು. ಹಾಲು ಕೊಟ್ಟ ಎಮ್ಮೆಯೂ ಹಾಗೇ ಹೋಗುತ್ತಿತ್ತು, ಅದಕ್ಕೆ ಕಲಿಸುವಷ್ಟರಲ್ಲಿ ಗೌಳಿ ಮುದುಕನಾದ. ಡಿಶ್ಶಿನ ಮರ್ಯಾದೆ ಕಂಡು ರಾಜನಿಗೆ ಆನಂದವಾಯಿತು. ಅದಕ್ಕೊಂದು ಶಾಲು ಹೊದಿಸಿದ. ಶಾಲು ಹೊದಿಸಿದ್ದರಿಂದ ಪೂರ್ವದ ಚಿತ್ರವೂ ಹೋಯಿತು. ಫಕೀರವ್ವ ಹಣೆ ಚಚ್ಚಿಕೊಂಡು ಶಾಲನ್ನು ಕಂಬಕ್ಕೆ ಸುತ್ತಿದಳು.

ಅಷ್ಟರಲ್ಲಿ ಅಣ್ಣನ ಸುದ್ದಿ ಬಂತು, ಕೂಸು ಮಗ್ಗುಲು ಹೊರಳಿತಂತೆ. "ಇದೊಂದು ವೈರು ಹಚ್ಚಿ ಬಂದೆ" ಅಂದಳು.

ರಾಜನೇ ಕುರ್ಚಿ ಎತ್ತಿಸಿಕೊಂಡು ಪಶ್ಚಿಮಕ್ಕೆ ಹೋಗಿ ಕೂತ. ಡಿಶ್ಶು ಸಂತೋಷದಿಂದ ತಿರುಗಿತು. ಚಿತ್ರವೂ ಬಂತು, ಆದರೆ ಟೀವಿ ಒಳಗಿನ ಪಡಸಾಲೆಯಲ್ಲಿ. ಅದನ್ನು ಹೊರಗೆ ತಂದು ರಾಜನ ಮುಂದಿಟ್ಟರು. ಈಗ ಟೀವಿಯ ಬೆನ್ನು ಡಿಶ್ಶಿನ ಕಡೆಗಾಯಿತು. ಶಾಲು ಹೊದಿಸಿಕೊಂಡವರಿಗೆ ಒಂದು ಯಃಕಶ್ಚಿತ್ ಟೀವಿ ಬೆನ್ನು ತೋರಿಸುವುದೇ ಅಂತ ಡಿಶ್ಶು ಸಿಟ್ಟಾಗಿ ಮುಖ ಮೇಲಕ್ಕೆತ್ತಿತು. ಟೀವಿಯನ್ನು ಆ ಕಡೆ ತಿರುಗಿಸಿದರೆ ಅದರ ಬೆನ್ನು ರಾಜನ ಕಡೆಗಾಗಿ, ಟೀವಿ ಹೆದರಿ ಆರಿಹೋಯಿತು.

ಅಣ್ಣನ ಸುದ್ದಿ ಬಂತು, ಕೂಸಿಗೆ ಹಲ್ಲು ಬಂದವಂತೆ. "ಇದೊಂದು ವೈರು" ಅಂದಳು ಫಕೀರವ್ವ. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಮುಖಕ್ಕೆಲ್ಲ ಗ್ರೀಸು.

ಕಡೆಗೆ ರಾಜ ಏಣಿ ಹತ್ತಿ ಡಿಶ್ಶಿನ ಮಡಿಲಲ್ಲೇ ಕೂತ. ಈಗ ಟೀವಿ ಇಬ್ಬರಿಗೂ ಮುಖ ಕೊಟ್ಟಿತು. ಆದರೆ ಡಿಶ್ಶಿನ ತುಂಬ ರಾಜನೇ ಇದ್ದದ್ದರಿಂದ ಅದು ರಾಜನನ್ನೇ ಹಿಡಿಯಿತು. ವಾರ್ತೆ ಓದುವವಳು ಗಂಭೀರವಾಗಿ ಓದಿದಳು: ದೊರೆಯ ದಕ್ಷಿಣ ಭಾಗದಲ್ಲಿ ತುರಿಕೆ, ಊಟದ ನಂತರ ಅಲ್ಲಲ್ಲಿ ಗುಡುಗು. ಚಿತ್ರ ಬಂತಲ್ಲ, ಇನ್ನು ಹೋಗುತ್ತೇನೆ ಅಂದಳು ಫಕೀರವ್ವ. ಇದು ನನ್ನ ಚಿತ್ರ, ಪಶ್ಚಿಮದ್ದೆಲ್ಲಿ ಅಂದ ರಾಜ. ಅವನನ್ನು ಹೊತ್ತು ತಿರುಗಲಾರದೆ ಮೋಟರು ದಿನಾ ಸುಟ್ಟುಹೋಗುತ್ತಿತ್ತು. ಅವಳು ದಿನಾ ಹೊಸ ತಂತಿ ಸುತ್ತಿ ವೈಂಡಿಂಗು ಕಟ್ಟುತ್ತಿದ್ದಳು. ಹೊಸ ಸೀರೆ ಹರಿದು ಮೋಟರು ಒರೆಸುವ ಅರಿವೆಯಾಯಿತು.

ಒಂದು ದಿನ ಆ ಕೂಸೇ ನಡೆದು ಬಂತು. ಬಾಗಿಲ ಭಟ ಹೆಸರು ಕೂಗಿಯೇ ಒಳಗೆ ಬಿಡಬೇಕು, ಅವಳಿಗೆ ಹೆಸರೇ ಇಲ್ಲ. ಏನು ಕೂಗುವುದು ಅಂತ ಅವನು ಯೋಚಿಸುತ್ತಿರುವಾಗ ಅವಳು ಒಳಗೆ ಬಂದು ನಿಂತಳು.

"ಅತ್ತೀ, ನನ್ನ ಹೆಸರು ಕೊಡ."

ಫಕೀರವ್ವನ ಹಲ್ಲಲ್ಲಿ ವೈರು, ಎರಡೂ ಕೈಯಲ್ಲಿ ವೈರು. "ತಡಿ ಬಂಗಾರಾ, ಇದೊಂದು ವೈರು ಹಚ್ಚಿ ಬಂದೆ."

"ಹುಟ್ಟಿದಾಗಿಂದ ಎಲ್ಲಾರೂ ತಡಿ ಅಂತಾರ. ನನಗ ಹೆಸರು ಬ್ಯಾಡ, ನಾ ಹೊಕ್ಕೀನಿ" ಅಂದವಳೇ ಹುಡುಗಿ ತಿರುಗಿ ನಡೆದುಬಿಟ್ಟಳು. ಅವಳಿಗೆ ಪದ್ಧತಿ ಯಾರೂ ಹೇಳಿರಲಿಲ್ಲ.

ಭಟರು ಕಲ್ಲಾದರು. ಫಕೀರವ್ವ ಆ ಬೆನ್ನನ್ನೇ ನೋಡಿದಳು. ಸಣ್ಣ ಬೆನ್ನು, ಅಂಗಿಯ ಹಿಂದಿನ ಗುಂಡಿಗಳು ಒಂದಕ್ಕೊಂದು ತಪ್ಪಿಸಿ ಹಾಕಿದ್ದವು. ಸಣ್ಣದಾಗುತ್ತ ಸಣ್ಣದಾಗುತ್ತ ಅದು ಬಾಗಿಲ ಕಡೆ ಹೋಗುತ್ತಿತ್ತು. ಫಕೀರವ್ವ ಹಲ್ಲಿನ ವೈರು ಉಗಿದಳು, ಪಾನಾ ಬಿಸಾಕಿದಳು, ಗರಕ್ಕನೆ ತಿರುಗಿ ಓಡಿದಳು.

ಏನಾಯಿತು ಅಂತೀರಿ? ಏನೂ ಆಗಲಿಲ್ಲ. ಸಿಡಿಲು ಬೀಳಲಿಲ್ಲ, ತಲೆ ಹಾರಲಿಲ್ಲ. ಹುಟ್ಟಿದಾಗಿನಿಂದ ಒಂದು ಬೆನ್ನನ್ನೂ ನೋಡದ ರಾಜ ಬೆರಗಾಗಿ, "ಮಂದಿಗೆ ಆ ಕಡೀನೂ ಇರತೈತೇನ?" ಅಂತ ಮೆಲ್ಲಗೆ ಕೇಳಿದ. ಅದನ್ನು ಕೇಳಿ ಡಿಶ್ಶಿಗೂ ಧೈರ್ಯ ಬಂತು. ತನ್ನ ಬೆನ್ನನ್ನೂ ತೋರಿಸೋಣವೆಂದು ಮಡಿಲಲ್ಲಿದ್ದ ರಾಜನನ್ನು ಹಿತ್ತಲಿನ ಕೆಸರಿಗೆ ಕೊಡವಿ, ಬೇಕಾದ ಕಡೆ ತಿರುಗಿತು.

ಫಕೀರವ್ವ ಬಾಗಿಲಲ್ಲಿ ಹುಡುಗಿಯನ್ನು ಹಿಡಿದು, ಅಳುತ್ತಲೇ ಅವಳ ಕಿವಿಯಲ್ಲಿ ಹೆಸರು ಉಸುರಿದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಓಣಿಯ ಹೆಂಗಸರು ಗುದ್ದುವುದು ಆ ಕಡೆಯ ಪದ್ಧತಿ. ಅವರೆಲ್ಲ ಇಷ್ಟು ವರ್ಷ ಮುಷ್ಟಿ ಕಟ್ಟಿಕೊಂಡೇ ಕಾದಿದ್ದರು. ಬಡ್ಡಿ ಸಮೇತ ಗುದ್ದಿದರು. ಫಕೀರವ್ವ ಒಂದೂ ತಪ್ಪಿಸಿಕೊಳ್ಳದೆ ಎಲ್ಲ ಗುದ್ದು ತಿಂದಳು, ಇನ್ನೂ ಒಂದೆರಡು ಹಾಕ್ರವ್ವಾ ಅಂದಳು.

ಇದರ ನೀತಿ ಏನೆಂದರೆ, ಡಿಶ್ಶಿಗೆ ಶಾಲು ಹೊದಿಸಬಾರದು. ಕತೆ ಮುಗಿಯಿತು, ಇನ್ನು ನೀವೆಲ್ಲ ಎದ್ದು ಮನೆಗೆ ಹೋಗಿ, ನನಗೆ ಬೆನ್ನು ತೋರಿಸಿಕೊಂಡೇ ಹೋಗಿ.