ಅಪರೂಪವಾಗಲು ಹೊರಟ ಹುಂಜ

ಕೆಂಚಮ್ಮನ ಹಿತ್ತಲ ಗೋಡೆಯೇರಿ ದಿನಾ ಬೆಳಗ್ಗೆ ಸಂಗೀತ ಕಚೇರಿ ನಡೆಸುತ್ತಿದ್ದ ಹುಂಜಕ್ಕೆ ಒಂದೇ ಕೊರಗು: ಕೇರಿಯಲ್ಲಿ ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ಅದೇ ನವಿಲು ನೋಡಿ, ಮೋಡ ಕವಿದಾಗ ಒಮ್ಮೆ ಕೂಗಿದರೆ ಸಾಕು, ಜನ ಉಂಡ ಕೈ ತೊಳೆಯದೆ ಓಡಿ ಬರುತ್ತಾರೆ!

"ಸ್ವಾಮಿ, ನಿಮ್ಮ ಗಂಟಲಿಗಿಂತ ನನ್ನದೇನು ಕಡಿಮೆ?" ಎಂದು ಹುಂಜ ನವಿಲನ್ನೇ ಕೇಳಿತು.

"ಗಂಟಲಿನ ಮಾತಲ್ಲವಯ್ಯಾ. ದಿನಾ ಹಾಡುವವನನ್ನು ಯಾರು ಕೇಳುತ್ತಾರೆ? ಕೆಲಕಾಲ ಸುಮ್ಮನಿರು, ತಾವಾಗಿಯೇ ಹಂಬಲಿಸುತ್ತಾರೆ" ಎಂದಿತು ನವಿಲು.

ಹುಂಜ ಸುಮ್ಮನಾಯಿತು. ಗಂಟಲವರೆಗೆ ಬಂದ ಹಾಡನ್ನು ಬೆಳಗ್ಗೆ ಬೆಳಗ್ಗೆ ನುಂಗಿಕೊಂಡು, "ಎಲ್ಲಿ ನಮ್ಮ ಹುಂಜ?" ಎಂದು ಯಾರಾದರೂ ಕೇಳಿಯಾರೆಂದು ಕಾಯಿತು. ಊಹೂಂ, ಕೇರಿ ಇನ್ನಷ್ಟು ಸುಖವಾಗಿ ನಿದ್ದೆ ಮಾಡಿತು. ಕೊನೆಗೊಂದು ದಿನ ಕೆಂಚಮ್ಮ ಗಂಡನಿಗೆ ಹೇಳಿದಳು: "ರೀ, ಈ ಹುಂಜ ಕೂಗೋದನ್ನೇ ಬಿಟ್ಟಿದೆ. ಇನ್ನು ಸಾಕಿ ಏನು ಬಂತು? ನಾಳೆ ಹೇಗೂ ಬೀಗರು ಬರ್ತಾರೆ."

ಅದನ್ನು ಕೇಳಿಸಿಕೊಂಡ ಹುಂಜ ಮರುದಿನ ಬೀಗರ ಎದುರಿಗೇ ಗೋಡೆಯೇರಿ, ನುಂಗಿಟ್ಟುಕೊಂಡಿದ್ದ ಹಾಡನ್ನೆಲ್ಲ ಒಟ್ಟಿಗೆ ಹಾಡಿತು. ಬೀಗರು ತಲೆಯೆತ್ತಿ ನೋಡಿದರು. "ಅಬ್ಬಬ್ಬಾ, ಎಂಥಾ ಕಂಠ!" ಎಂದರು.

"ಹೌದು ಬೀಗರೇ, ಚೆನ್ನಾಗೇ ಕೂಗುತ್ತೆ," ಎಂದಳು ಕೆಂಚಮ್ಮ. "ಏನು ಮಾಡೋದು, ಮಸಾಲೆ ಅರೆದಾಯ್ತಲ್ಲ."